ಬಸ್ಸಿಗೆ ಮೂರು ಕೊಟೇಶನ್, ದೋಣಿಗೆ ಒಂದು ಫೋನ್ ಕರೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕೊಡಗಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಪ್ರವಾಸಗಳ ಬಗ್ಗೆ ತಮ್ಮ ಪತ್ರಿಕೆಯ ಭಾನುವಾರದ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಕಚೇರಿಯವರೆಲ್ಲ ಸೇರಿ ಕೇರಳದ ಯಾವುದಾದರೂ ಹೊಳೆಯಲ್ಲಿ ಒಂದೆರಡು ಗಂಟೆ ದೋಣಿವಿಹಾರ ಮಾಡಿ ಬಂದರೆ ವರ್ಷದ ದಣಿವು ಇಳಿಯುತ್ತದೆ ಎಂದು ಲೇಖಕರು ಬರೆದಿದ್ದಾರೆ. ಅದು ಸುಳ್ಳಲ್ಲ, ಇಳಿದದ್ದನ್ನು ನಾನೇ ಕಂಡಿದ್ದೇನೆ. ಆದರೆ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು, ಮೀನಿನ ಊಟ ಎಲ್ಲಿ ಚೆನ್ನಾಗಿದೆ, ಮಾಕುಟ್ಟ ಘಾಟಿಯ ತಿರುವುಗಳಲ್ಲಿ ವಾಂತಿಯಾಗದಂತೆ ಏನು ಮಾಡಬೇಕು ಎಂಬಷ್ಟನ್ನೂ ಹೇಳಿದ ಆ ಲೇಖನದಲ್ಲಿ, ದೋಣಿ ಹತ್ತುವ ಮುಂಚೆ ಏನನ್ನು ನೋಡಿಕೊಳ್ಳಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಆ ಸಾಲು ಯಾಕೆ ಬೇಕಿತ್ತು ಎಂಬುದನ್ನು ತಿಳಿಸಲು ಈ ಪತ್ರ.

ನಾನು ವಿರಾಜಪೇಟೆ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗೋದಾಮು ನೋಡಿಕೊಳ್ಳುವ ಗುಮಾಸ್ತ. ಗೊಬ್ಬರದ ಚೀಲ ಬಂದರೆ ಎಣಿಸಿ ಇಳಿಸಿಕೊಳ್ಳುವುದು, ಹೋದರೆ ಎಣಿಸಿ ಕಳಿಸುವುದು, ಸಂಜೆ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡುವುದು, ಇಷ್ಟೇ ನನ್ನ ಇಪ್ಪತ್ತಾರು ವರ್ಷದ ಕೆಲಸ. ಮಾರ್ಚ್ ತಿಂಗಳು ಸಹಕಾರ ಸಂಘದವರಿಗೆ ಹೇಗಿರುತ್ತದೆ ಎಂಬುದು ಬೆಳೆಸಾಲ ನವೀಕರಿಸಿದ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. 31ನೆಯ ತಾರೀಖು ರಾತ್ರಿ ಲೆಕ್ಕ ಮುಗಿಸಿ ಬೀಗ ಹಾಕುವ ಹೊತ್ತಿಗೆ ಎಲ್ಲರ ಮುಖವೂ ಒಂದೇ ಥರ ಕಪ್ಪಿಟ್ಟಿರುತ್ತದೆ. ಆದ್ದರಿಂದ ಏಪ್ರಿಲ್‌ನ ಎರಡನೆಯ ಶನಿವಾರ ಸಿಬ್ಬಂದಿ ಪ್ರವಾಸ ಹೋಗುವುದು ನಮ್ಮಲ್ಲಿ ಹಲವು ವರ್ಷಗಳಿಂದ ನಡೆದುಬಂದ ಕ್ರಮ. ಈ ಸಲ ಕಂಪ್ಯೂಟರ್ ವಿಭಾಗದ ಹುಡುಗರು ‘ಕ್ರೂಸ್‌ಗೆ ಹೋಗೋಣ’ ಎಂದರು. ಕ್ರೂಸ್ ಎಂದ ಕೂಡಲೇ ಮುಂಬೈಯಿಂದ ಹೊರಡುವ ಹತ್ತು ಅಂತಸ್ತಿನ ಹಡಗು ಕೆಲವರ ಕಣ್ಣಮುಂದೆ ಬಂದಿರಬೇಕು. ನಾವು ಕೊನೆಗೆ ಹತ್ತಿದ್ದು ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ಸಮೀಪದ ಒಂದು ಕಟ್ಟೆಯಿಂದ ಹೊರಡುವ, ಮೇಲಂತಸ್ತಿಗೆ ತಗಡಿನ ಚಾವಣಿ ಹಾಕಿದ, ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿಟ್ಟ ಒಂದು ಖಾಸಗಿ ದೋಣಿ. ನಮಗೆ ಅದೇ ಕ್ರೂಸ್. ಅದರಲ್ಲಿ ನಾಚಿಕೊಳ್ಳುವುದೇನೂ ಇಲ್ಲ.

ಸಹಕಾರ ಸಂಘದ ರೀತಿ ತಮಗೆ ಗೊತ್ತಿರಬಹುದು. ಒಂದು ಪೆಟ್ಟಿಗೆ ಬಿಳಿಹಾಳೆ ಕೊಳ್ಳುವುದಕ್ಕೂ ಠರಾವು ಬೇಕು. ಪ್ರವಾಸಕ್ಕೆ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಆಯಿತು, ಬಸ್ಸಿಗೆ ಮೂವರಿಂದ ಕೊಟೇಶನ್ ತರಿಸಿದ್ದಾಯಿತು, ಅತಿ ಕಡಿಮೆ ದರ ಹೇಳಿದವರ ಬಸ್ಸಿನ ಫಿಟ್‌ನೆಸ್, ವಿಮೆ, ಹೊರರಾಜ್ಯಕ್ಕೆ ಹೋಗಲು ಬೇಕಾದ ಪರ್ಮಿಟ್, ಚಾಲಕನ ಲೈಸೆನ್ಸ್ ಎಲ್ಲದರ ಜೆರಾಕ್ಸ್ ಪ್ರತಿ ಕಡತಕ್ಕೆ ಸೇರಿತು. ಪ್ರವಾಸದ ದಿನ ಕೂಟುಹೊಳೆಯ ಗಡಿಯಲ್ಲಿ ಅದೇ ಕಾಗದಗಳನ್ನು ಅಧಿಕಾರಿಗಳು ಇನ್ನೊಮ್ಮೆ ನೋಡಿದರು. ಊಟಕ್ಕೆ ತಲೆಗೆ ಎಷ್ಟು, ಮಕ್ಕಳಿಗೆ ಅರ್ಧವೋ ಪೂರ್ತಿಯೋ ಎಂಬುದೂ ಠರಾವಿನಲ್ಲಿತ್ತು. ದೋಣಿಗೆ ಮಾತ್ರ ಒಬ್ಬ ಹುಡುಗ ಒಂದು ಫೋನ್ ಮಾಡಿ ಮುಂಗಡ ಕಳಿಸಿದ್ದ. ಠರಾವಿನಲ್ಲಿ ಅದು ‘ಇತರೆ ಖರ್ಚು’ ಎಂಬ ಕಾಲಮ್ಮಿನಲ್ಲಿ ಸೇರಿಹೋಗಿತ್ತು. ನೆಲದ ಮೇಲೆ ಓಡುವ ಗಾಡಿಗೆ ಇಷ್ಟೆಲ್ಲ ಕಾಗದ ಕೇಳಿದ ನಾವು, ನೀರಿನ ಮೇಲೆ ಹೋಗುವ ಗಾಡಿಗೆ ಒಂದನ್ನೂ ಕೇಳಲಿಲ್ಲ. ಆ ಕಡತವನ್ನು ಕಟ್ಟಿದವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಬೆಳಿಗ್ಗೆ ಐದಕ್ಕೆ ಹೊರಟು, ಇರಿಟ್ಟಿ, ಇರಿಕ್ಕೂರು ದಾಟಿ ಪರಶ್ಶಿನಿಕಡವು ತಲಪಿದೆವು. ಮುತ್ತಪ್ಪನ ದರ್ಶನ ಮಾಡಿ, ಅಲ್ಲಿ ಎಲ್ಲರಿಗೂ ಕೊಡುವ ಬೇಯಿಸಿದ ಪಯರು ಕಾಳು ತಿಂದು ಚಹಾ ಕುಡಿದು, ಮೆಟ್ಟಿಲ ಮೇಲೆ ಮಲಗಿದ್ದ ನಾಯಿಗಳನ್ನು ದಾಟಿಕೊಂಡು ಹೊಳೆಯ ಕಡೆ ಇಳಿದೆವು. ದಕ್ಷಿಣ ಕೊಡಗಿನವರಿಗೆ ಆ ಹೊಳೆ ಪರದೇಶದ್ದಲ್ಲ. ಬ್ರಹ್ಮಗಿರಿ ಸಾಲಿನಲ್ಲಿ ಬಿದ್ದ ನಮ್ಮ ಮಳೆಯೇ ಬರಪೊಳೆಯಾಗಿ ಗಡಿ ದಾಟಿ, ವಳಪಟ್ಟಣಂ ಹೊಳೆಯನ್ನು ಸೇರಿ, ಅಝಿಕ್ಕಲ್ ಮತ್ತು ಮಾಟೂಲ್‌ಗಳ ನಡುವೆ ಸಮುದ್ರಕ್ಕೆ ಬೀಳುತ್ತದೆ. ಆಷಾಢದಲ್ಲಿ ಬಂಡೆಗೆ ಬಡಿದು ನೊರೆಯೆಬ್ಬಿಸುವ ಆ ನೀರು ಅಲ್ಲಿ ಹಾಸಿದ ಚಾಪೆಯ ಹಾಗೆ ಅಗಲವಾಗಿ, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಂತೆ ಬಿದ್ದಿರುತ್ತದೆ. ಉಬ್ಬರದ ಹೊತ್ತಿನಲ್ಲಿ ಅದು ಹಿಂದಕ್ಕೇ ಹರಿಯುತ್ತದೆ ಎಂದು ದೋಣಿಯವರು ಹೇಳಿದಾಗ ನಮ್ಮ ಅಟೆಂಡರ್ ಅಕ್ಕ ನಂಬಲಿಲ್ಲ. ಆಕೆ ಅದುವರೆಗೆ ದೋಣಿ ಹತ್ತಿದ್ದು ದುಬಾರೆಯಲ್ಲಿ ಆನೆ ಶಿಬಿರಕ್ಕೆ ಕಾವೇರಿ ದಾಟುವಾಗ ಮಾತ್ರ, ಅದೂ ಎರಡು ನಿಮಿಷ.

ಈಗ ಲೈಫ್ ಜಾಕೆಟ್‌ನ ವಿಷಯಕ್ಕೆ ಬರುತ್ತೇನೆ. ದೋಣಿಯ ಸಹಾಯಕನೊಬ್ಬ ಹೊರಡುವ ಮುಂಚೆ ಮೂರೋ ನಾಲ್ಕೋ ಜಾಕೆಟ್ ತಂದು ಮೊದಲು ನಮ್ಮ ಮೇಲಧಿಕಾರಿಗಳಿಗೆ ನೀಡಿದ. ಅವರು ನಕ್ಕು ‘ನಂಗೆ ಎಂತಕ್ಕೆ ಮಾರಾಯ, ಮಕ್ಕಳಿಗೆ ಕೊಡು’ ಎಂದು ಅದನ್ನು ಪಕ್ಕದ ಕುರ್ಚಿಯ ಮೇಲೆ ಹಾಕಿದರು. ಅಲ್ಲಿಗೆ ಆ ವಿಷಯ ಮುಗಿಯಿತು. ಮೇಲಧಿಕಾರಿ ಹಾಕದ ಜಾಕೆಟನ್ನು ಪಿಗ್ಮಿ ಸಂಗ್ರಹಿಸುವ ಹುಡುಗ ಹಾಕುತ್ತಾನೆಯೇ? ಹಾಕಿಕೊಂಡರೆ ಹೆದರುಪುಕ್ಕಲ ಎಂದು ವರ್ಷವಿಡೀ ಕಚೇರಿಯಲ್ಲಿ ಮಾತು ಕೇಳಬೇಕು. ಇದರ ಜೊತೆಗೆ ಟೀ ಶರ್ಟಿನ ಸಮಸ್ಯೆಯೂ ಇತ್ತು. ಪ್ರವಾಸಕ್ಕೆಂದೇ ಸಂಘದ ಹೆಸರು ಹಾಕಿಸಿದ ನೀಲಿ ಟೀ ಶರ್ಟ್ ಎಲ್ಲರಿಗೂ ಹೊಲಿಸಲಾಗಿತ್ತು; ಜಾಕೆಟ್ ಹಾಕಿದರೆ ಗುಂಪು ಫೋಟೊದಲ್ಲಿ ಹೆಸರು ಮುಚ್ಚಿಹೋಗುತ್ತದೆ. ಸೀರೆ ಉಟ್ಟ ಇಬ್ಬರು ಮೊದಲೇ ಬೇಡ ಎಂದಿದ್ದರು. ನನ್ನ ಕೈಗೂ ಒಂದು ಬಂತು. ಒದ್ದೆಯಾಗಿ ಮೂಲೆಯಲ್ಲಿ ಬಿದ್ದ ಗೋಣಿಚೀಲದ ವಾಸನೆ ಅದಕ್ಕಿತ್ತು, ಸೊಂಟದ ಪಟ್ಟಿಯ ಬಕಲಿನ ಒಂದು ಹಲ್ಲು ಮುರಿದಿತ್ತು. ನಾನು ಅದನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕುಳಿತೆ.

ಇದೇ ಸಹೋದ್ಯೋಗಿಗಳು ಹಿಂದೊಂದು ವರ್ಷ ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಿದ್ದರು. ಅಲ್ಲಿ ಹೆಲ್ಮೆಟ್, ಜಾಕೆಟ್ ಎರಡನ್ನೂ ಬಿಗಿಯಾಗಿ ಕಟ್ಟದೆ ಒಬ್ಬನನ್ನೂ ರಾಫ್ಟಿನಲ್ಲಿ ಕೂರಿಸಲಿಲ್ಲ. ಗೈಡ್ ಹುಡುಗನೊಬ್ಬ ನಮ್ಮ ಮೇಲಧಿಕಾರಿಗಳ ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆದು, ಅದು ಕಿವಿಯವರೆಗೆ ಬಂತೆಂದು ಸಡಿಲಾಗಿದೆ ಎಂದು ಗದರಿಸಿ ಮತ್ತೆ ಕಟ್ಟಿದ್ದ. ಆಗ ಯಾರಿಗೂ ಅವಮಾನವಾಗಲಿಲ್ಲ, ಯಾರೂ ಫೋಟೊದ ಮಾತೆತ್ತಲಿಲ್ಲ. ಭಾಗಮಂಡಲದಲ್ಲಿ ಮಳೆಗಾಲದ ನೆರೆ ಬಂದಾಗ ರಾಫ್ಟ್ ಹತ್ತಿದವರೂ ಜಾಕೆಟ್ ಬೇಡ ಎಂದದ್ದನ್ನು ನಾನು ಕಂಡಿಲ್ಲ. ನೊರೆಯೆಬ್ಬಿಸುವ ನೀರು ಭಯವನ್ನು ತಾನೇ ಹುಟ್ಟಿಸುತ್ತದೆ. ಕುರ್ಚಿ, ಚಹಾ, ಬಾಳೆಕಾಯಿ ಚಿಪ್ಸ್, ಸ್ಪೀಕರಿನಲ್ಲಿ ಹಾಡು ಇರುವ ಕಡೆ ಕುಳಿತವನಿಗೆ ತಾನು ಮದುವೆ ಮಂಟಪದಲ್ಲಿದ್ದೇನೆ ಎಂದೇ ಅನಿಸುತ್ತದೆ. ಕಾಲಿನ ಕೆಳಗೆ ಎರಡು ಆಳಿನಷ್ಟು ನೀರಿದೆ ಎಂಬುದು ಮರೆತುಹೋಗುತ್ತದೆ. ನಮ್ಮ ಪೈಕಿ ಈಜು ಬರುವವರು ಎಷ್ಟು ಎಂದು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಮಕ್ಕಳೂ ಸೇರಿ ಮೂವತ್ತೇಳು ಜನರಲ್ಲಿ ಆರು ಮಂದಿ, ಎಲ್ಲರೂ ತೋಟದ ಕೆರೆಯಲ್ಲಿ ಕಲಿತವರು.

ಕಾಂಡ್ಲಾ ಗಿಡಗಳ ದಂಡೆಯನ್ನು ನೋಡುತ್ತ, ಮರಳು ದಿಬ್ಬದ ಮೇಲಿನ ಕೊಕ್ಕರೆಗಳನ್ನು ಎಣಿಸುತ್ತ ಒಂದು ಗಂಟೆ ಹಾಯಾಗಿ ಕಳೆಯಿತು. ಆ ಒಂದು ಗಂಟೆಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಕೌಂಟರಿನ ಎರಡು ಕಡೆ ಕುಳಿತು ವರ್ಷವಿಡೀ ಒಬ್ಬರಿಗೊಬ್ಬರು ವೋಚರ್ ನೀಡುವುದರಲ್ಲೇ ಇದ್ದವರು ಅಂದು ಒಬ್ಬರ ಮನೆಯ ಕಷ್ಟವನ್ನು ಇನ್ನೊಬ್ಬರು ಕೇಳಿದರು. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಒಂದೇ ಪೊಟ್ಟಣದಿಂದ ಕಡಲೆ ತಿಂದರು. ದೋಣಿವಿಹಾರವೇ ಬೇಡ ಎಂದು ನಾನು ಈ ಪತ್ರ ಬರೆಯುತ್ತಿಲ್ಲ ಎಂಬುದು ಇದರಿಂದ ತಮಗೆ ತಿಳಿಯಲಿ.

ವಳಪಟ್ಟಣಂ ರೈಲು ಸೇತುವೆ ಹತ್ತಿರ ಬಂದಾಗ ಮಂಗಳೂರು ಕಡೆಯಿಂದ ಒಂದು ರೈಲು ಬಂತು. ರೈಲು ಹಳಿಯೇ ಇಲ್ಲದ ಜಿಲ್ಲೆಯವರು ನಾವು. ಹೊಳೆಯ ಮಧ್ಯದಿಂದ, ತಲೆಯ ಮೇಲೆಯೇ ಎಂಬಂತೆ ಇಡೀ ರೈಲು ಸೇತುವೆ ದಾಟುವುದನ್ನು ನೋಡುವ ಯೋಗ ಮತ್ತೆ ಯಾವಾಗ ಬರುತ್ತದೆ? ಮಕ್ಕಳು ಕೂಗಿದರು, ಕೆಳಗಿದ್ದವರೂ ಏಣಿ ಹತ್ತಿ ಮೇಲೆ ಬಂದರು, ಎಲ್ಲರೂ ಫೋನ್ ಎತ್ತಿಕೊಂಡು ಬಲಗಡೆಯ ಕಂಬಿಗೆ ಹೋದರು. ನಾನೂ ಹೋದೆ. ಮೊದಲು ಕುರ್ಚಿಗಳು ಸರಿಯುವ ಸದ್ದು ಕೇಳಿಸಿತು. ನೆಲಕ್ಕೆ ಬಿಗಿಯದೆ ಬಿಟ್ಟ ಆ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಹಿಂದೊಂದು ಜಾರಿಕೊಂಡು ನಮ್ಮ ಮೊಣಕಾಲಿಗೇ ಬಂದು ಬಡಿದವು. ಚಹಾದ ಫ್ಲಾಸ್ಕ್ ಉರುಳಿ ಕಂಬಿಯ ಸಂದಿನಿಂದ ನೀರಿಗೆ ಬಿತ್ತು. ಕೆಳಂತಸ್ತಿನ ಅಂಚಿಗೆ ಹೊಳೆಯ ನೀರು ಬಂದು ಮುಟ್ಟಿದ್ದನ್ನು ನಾನು ಮೇಲಿನಿಂದ ಕಂಡೆ. ಆ ಅಂಚಿನಲ್ಲಿ ಬಿಟ್ಟಿದ್ದ ಯಾರದೋ ಚಪ್ಪಲಿ ತೇಲಿಹೋಯಿತು. ಅಲ್ಲಿಯವರು ಸ್ರಾಂಕ್ ಎನ್ನುವ ದೋಣಿ ಚಾಲಕ ವೇಗ ಇಳಿಸಿ ಕೂಗಿದ ಮಾತು ಮಲಯಾಳದಲ್ಲಿದ್ದರೂ ನಮಗೆ ಅರ್ಥವಾಗದೆ ಇರಲಿಲ್ಲ. ಇರಿಟ್ಟಿಯ ಸಂತೆ ಬಲ್ಲ ನಮ್ಮ ಗಾಡಿ ಚಾಲಕ ‘ಕೂತ್ಕೊಳ್ಳಿ, ನಿಂತಲ್ಲೇ ಕೂತ್ಕೊಳ್ಳಿ’ ಎಂದು ಕನ್ನಡದಲ್ಲಿ ಕೂಗಿದ. ಇದ್ದಲ್ಲೇ ಕುಕ್ಕರಿಸಿದೆವು. ದೋಣಿ ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ತೂಗಿ ನೆಟ್ಟಗಾಯಿತು. ಎಲ್ಲ ಸೇರಿ ಹತ್ತೋ ಹದಿನೈದೋ ಸೆಕೆಂಡು ಇರಬಹುದು. ಅಟೆಂಡರ್ ಅಕ್ಕ ಮಾತ್ರ ಕುರ್ಚಿಗೆ ಎಡವಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದರು.

ಗೋದಾಮಿನಲ್ಲಿ ದುಡಿದವನಿಗೆ ಅಲ್ಲಿ ಏನು ನಡೆಯಿತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರು, ಮಕ್ಕಳನ್ನು ಸೇರಿಸಿ ತಲೆಗೆ ಸರಾಸರಿ 50 ಕಿಲೋ ಎಂದಿಟ್ಟುಕೊಂಡರೂ ಆಳಿಗೊಂದು ಚೀಲ. ಅಂದರೆ 37 ಚೀಲ ಚೆರಿ ಕಾಫಿ. ಪಿಕಪ್ ಜೀಪಿಗೆ ಚೀಲ ಹೇರುವಾಗ ಭಾರವನ್ನು ಕೆಳಗೆ, ಎರಡು ಬದಿಗೂ ಸಮನಾಗಿ ಹಾಕಬೇಕು, ಮೇಲೆ ಹೇರಿದರೆ ತಿರುವಿನಲ್ಲಿ ಮಗುಚುತ್ತದೆ, ಹಗ್ಗ ಬಿಗಿಯದಿದ್ದರೆ ಚೀಲ ಒಂದೇ ಕಡೆ ಸರಿಯುತ್ತದೆ ಎಂದು ನಮ್ಮ ಹಮಾಲಿಗಳಿಗೆ ನಾನೇ ಎಷ್ಟು ಸಲ ಹೇಳಿಲ್ಲ! ಆ ದಿನ 37 ಚೀಲಗಳೂ ತಾವಾಗಿಯೇ ಕಾಲು ಬಂದು ಏಣಿ ಹತ್ತಿ, ಜೀಪಿನ ನೆತ್ತಿಯ ಮೇಲೆ, ಒಂದೇ ಬದಿಗೆ ಹೋಗಿ ನಿಂತವು. ಎರಡಂತಸ್ತಿನ ದೋಣಿಯಲ್ಲಿ ಜನ ಮೇಲೆ ಹೋದಷ್ಟೂ ಅದರ ಭಾರದ ಕೇಂದ್ರ ಮೇಲೇರುತ್ತದೆ, ಆಮೇಲೆ ಸ್ವಲ್ಪ ವಾಲಿದರೂ ಅದು ತಾನಾಗಿ ಎದ್ದು ನಿಲ್ಲುವ ಶಕ್ತಿ ಕಡಿಮೆಯಾಗುತ್ತದೆ. ಕುರ್ಚಿ ಸಡಿಲವಾಗಿದ್ದರೆ ವಾಲಿದ ಕಡೆಗೇ ಭಾರ ಇನ್ನೂ ಸೇರುತ್ತದೆ.

ದೋಣಿ ನೆಟ್ಟಗಾದ ಮೇಲೆ ಎಲ್ಲರಿಗೂ ಜಾಕೆಟ್ ನೆನಪಾಯಿತು. ಉಳಿದವು ಎಲ್ಲಿವೆ ಎಂದು ಹುಡುಕಿದರೆ ಹಿಂಭಾಗದಲ್ಲಿ ಇಂಜಿನ್ನಿನ ಪಕ್ಕ ಒಂದು ದೊಡ್ಡ ಗಂಟಾಗಿ, ನೀಲಿ ಪ್ಲಾಸ್ಟಿಕ್ ಹಗ್ಗದಿಂದ ಬಿಗಿದು ಇಡಲಾಗಿತ್ತು. ಆ ಹಗ್ಗದ ಗಂಟು ಉಪ್ಪುಗಾಳಿಗೆ ಗಟ್ಟಿಯಾಗಿ ಬೆರಳಿಗೆ ಬಿಚ್ಚಲಿಲ್ಲ. ಸಹಾಯಕ ಹುಡುಗ ಹಲ್ಲಿನಿಂದ ಪ್ರಯತ್ನಿಸಿದ, ಆಮೇಲೆ ಅಡುಗೆಯ ಚಾಕು ತಂದು ಕೊಯ್ದ. ಬಿಚ್ಚಿ ಎಣಿಸಿದೆ. ಮೊದಲು ತಂದಿದ್ದವೂ ಸೇರಿ ಒಟ್ಟು 22, ಮಕ್ಕಳ ಅಳತೆಯದು ಒಂದೂ ಇಲ್ಲ, ಏಳಕ್ಕೆ ಸೊಂಟದ ಪಟ್ಟಿ ಇಲ್ಲ. ವರ್ಷಗಟ್ಟಲೆ ಅದರ ಮೇಲೆ ಯಾರೋ ಕುಳಿತು, ಭಾರ ಹೇರಿ, ಒಳಗಿನ ಸ್ಪಂಜು ಹಪ್ಪಳದಂತೆ ಚಪ್ಪಟೆಯಾಗಿತ್ತು. ಹಾಗೆ ಚಪ್ಪಟೆಯಾದದ್ದು ಆಳನ್ನು ತೇಲಿಸುವುದು ಅನುಮಾನ. ನಾನು ಕುಳಿತದ್ದೂ ಅದರ ಮೇಲೆಯೇ.

ಆ ದೋಣಿಗೆ ಎಷ್ಟು ಜನರ ಮಿತಿ ಎಂಬುದನ್ನು ನಾನು ಇಳಿಯುವಾಗ ಕಂಡೆ. ಚಾಲಕನ ಗೂಡಿನ ಹೊರಗೆ ಬಣ್ಣದಲ್ಲಿ ಬರೆದಿತ್ತು: ಪ್ರಯಾಣಿಕರು 30. ಹತ್ತುವಾಗ ಅದು ಕಾಣಿಸಿರಲಿಲ್ಲ, ಏಕೆಂದರೆ ಸಿಬ್ಬಂದಿ ಪ್ರವಾಸ ಎಂದು ಬರೆಸಿದ ನಮ್ಮ ಸಂಘದ ಫ್ಲೆಕ್ಸ್ ಬ್ಯಾನರನ್ನು ನಾವೇ ಅದರ ಮೇಲೆ ಕಟ್ಟಿದ್ದೆವು.

ಇಷ್ಟನ್ನು ಓದಿದವರು ‘ಏನೂ ಆಗಲಿಲ್ಲವಲ್ಲ’ ಎನ್ನಬಹುದು. ನಮ್ಮವರೂ ಬಸ್ಸಿನಲ್ಲಿ ಹಾಗೆಯೇ ಹೇಳುತ್ತ ನಗುತ್ತ ಬಂದರು. ಆದರೆ ಏನಾದರೂ ಆದ ಕಡೆಗಳ ಹೆಸರು ನಮಗೆ ಗೊತ್ತಿಲ್ಲದ್ದಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ಅಲ್ಲಿಯೂ ದಡದ ಕಾಡುಪ್ರಾಣಿ ನೋಡಲು ಜನ ಒಂದೇ ಕಡೆಗೆ ಸರಿದರು ಎಂದು ಪತ್ರಿಕೆಗಳಲ್ಲಿ ಓದಿದ್ದೆವು. ನಮ್ಮ ರೈಲು, ಅವರ ಕಾಡುಪ್ರಾಣಿ, ಅಷ್ಟೇ ವ್ಯತ್ಯಾಸ. 2007ರ ಫೆಬ್ರುವರಿಯಲ್ಲಿ ತಟ್ಟೇಕಾಡಿನಲ್ಲಿ ಶಾಲಾ ಪ್ರವಾಸದ 15 ಮಕ್ಕಳು ಮತ್ತು 3 ಶಿಕ್ಷಕರು, 2023ರ ಮೇ 7ರಂದು ತಾನೂರಿನಲ್ಲಿ ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ ಪ್ರವಾಸಿ ದೋಣಿಯಲ್ಲಿ 22 ಜನ, 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ 12 ಮಕ್ಕಳು ಮತ್ತು 2 ಶಿಕ್ಷಕಿಯರು. ಕೇರಳ, ಗುಜರಾತ್ ಎಂದು ದೂರ ಸರಿಸುವಂತೆಯೂ ಇಲ್ಲ: 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋದವರಿದ್ದ ದೋಣಿ ಮಗುಚಿ 16 ಜನ ತೀರಿಕೊಂಡಾಗ ನಾವೆಲ್ಲ ಟಿ.ವಿ. ಮುಂದೆಯೇ ಕುಳಿತಿದ್ದೆವು. ಈ ಪಟ್ಟಿಯಲ್ಲಿ ಶಾಲೆಯ ಗುಂಪುಗಳು ಎರಡು ಇವೆ ಎಂಬುದನ್ನು ತಾವು ಗಮನಿಸಬೇಕು. ಗುಂಪಾಗಿ ಹೋಗುವವರಿಗೆ ಅಪಾಯ ಹೆಚ್ಚು ಎಂದು ನನಗೆ ಅನಿಸುವುದು ಬರೀ ಲೆಕ್ಕದಿಂದಲ್ಲ. ಒಬ್ಬನೇ ಹೋದವನು ತನ್ನ ಜೀವಕ್ಕೆ ತಾನೇ ಹೆದರುತ್ತಾನೆ, ಕುಟುಂಬದೊಂದಿಗೆ ಹೋದವಳು ಮಗುವಿನ ಕೈ ಬಿಡುವುದಿಲ್ಲ. ಕಚೇರಿಯ ಗುಂಪಿನಲ್ಲಿ ಪ್ರತಿಯೊಬ್ಬನೂ ತನ್ನ ಮೇಲಿನವನ ಮುಖ ನೋಡುತ್ತಾನೆ. ಮೇಲಿನವರು ಎಲ್ಲವನ್ನೂ ಯಾರೋ ವ್ಯವಸ್ಥೆ ಮಾಡಿರುತ್ತಾರೆ ಎಂದುಕೊಂಡು ಕೆಳಗಿನವರ ಮುಖ ನೋಡುತ್ತಾರೆ. ನಡುವೆ ತಲೆ ಎಣಿಸುವವನು ಯಾರೂ ಇಲ್ಲ. ಚೀಲ ಎಣಿಸುವ ನಾನೇ ತಲೆ ಎಣಿಸಲಿಲ್ಲ ಎಂದ ಮೇಲೆ ಬೇರೆಯವರನ್ನು ಹೇಗೆ ದೂರಲಿ?

ಕುಡಿತದ ಮಾತನ್ನೂ ಎತ್ತಲೇಬೇಕಾಗಿದೆ. ನಮ್ಮ ಜಿಲ್ಲೆಯಲ್ಲಿ ಹಬ್ಬಕ್ಕೆ, ಮದುವೆಗೆ ಅದು ಮರ್ಯಾದೆಯ ಸಂಗತಿ, ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ, ನಾನೂ ಎಣಿಸುವುದಿಲ್ಲ. ಬಸ್ಸಿನ ಹಿಂದಿನ ಸೀಟಿನವರು ಅಂದು ದೋಣಿಕಟ್ಟೆಗೆ ಬರುವ ಮೊದಲೇ ಸ್ವಲ್ಪ ಮುಗಿಸಿದ್ದರು. ದೋಣಿ ವಾಲಿದಾಗ ಕೂರಿ ಎಂದರೆ ಕೊನೆಗೆ ಕೂತವರೂ ಅವರೇ.

ಆಗಬೇಕಾದದ್ದು ಬಹಳ ದೊಡ್ಡದೇನಲ್ಲ. ಒಳನಾಡಿನ ನೀರಿನಲ್ಲಿ ಓಡುವ ಯಂತ್ರದ ದೋಣಿಗಳಿಗೆ 1917ರ ಹಳೆಯ ಕಾಯಿದೆಯ ಬದಲು 2021ರಲ್ಲಿ ಹೊಸ ಕಾಯಿದೆ ಬಂದಿದೆ. ದೋಣಿಗೆ ನೋಂದಣಿ ಇರಬೇಕು, ಅಧಿಕಾರಿಗಳು ಪರೀಕ್ಷಿಸಿ ಕೊಟ್ಟ ಸರ್ವೆ ಪ್ರಮಾಣಪತ್ರ ಇರಬೇಕು, ವಿಮೆ ಇರಬೇಕು. ಬಸ್ಸಿನ ಫಿಟ್‌ನೆಸ್ ಪ್ರತಿಯನ್ನು ಕೇಳಿದ ಬಾಯಿಂದಲೇ ದೋಣಿಯ ಸರ್ವೆ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿದರೆ ಆಯಿತು. ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಅವರಿಗೆ ಎರಡು ನಿಮಿಷ ಸಾಕು, ಕಳಿಸದಿದ್ದರೆ ಅದೇ ಉತ್ತರ. ಪ್ರವಾಸಕ್ಕೆ ಅನುಮತಿ ಕೊಡುವ ಸಂಘ, ಶಾಲೆ, ಕಚೇರಿ ಯಾವುದೇ ಇರಲಿ, ಠರಾವಿನಲ್ಲೋ ಅನುಮತಿ ಪತ್ರದಲ್ಲೋ ಆ ದೋಣಿಯ ಜನಮಿತಿ ಎಷ್ಟು, ನಮ್ಮ ತಲೆ ಎಷ್ಟು, ದೊಡ್ಡವರ ಜಾಕೆಟ್ ಎಷ್ಟು, ಮಕ್ಕಳದ್ದು ಎಷ್ಟು ಎಂದು ನಾಲ್ಕು ಅಂಕಿಗಳನ್ನು ಬರೆಯದೆ ಸಹಿ ಹಾಕಬಾರದು. ಗುಂಪಿನಲ್ಲಿ ಒಬ್ಬರ ಹೆಸರನ್ನು ಮುಂಚಿತವಾಗಿ ಗೊತ್ತುಮಾಡಬೇಕು, ಮತ್ತು ಆ ವ್ಯಕ್ತಿ ಮೇಲಧಿಕಾರಿ ಆಗಿರಬಾರದು ಎಂದೇ ನನ್ನ ವಾದ. ಮೇಲಧಿಕಾರಿಗೆ ‘ಸಾರ್, ಜಾಕೆಟ್ ಹಾಕಿ, ಇಲ್ಲದಿದ್ದರೆ ದೋಣಿ ಬಿಡುವುದಿಲ್ಲ’ ಎಂದು ಹೇಳುವ ಅಧಿಕಾರ ಆ ಒಂದು ದಿನದ ಮಟ್ಟಿಗೆ ಪಿಗ್ಮಿ ಹುಡುಗನಿಗೆ ಬರಹದಲ್ಲಿ ಸಿಗಬೇಕು. ಬರಹದಲ್ಲಿ ಎಂದು ಯಾಕೆ ಹೇಳುತ್ತೇನೆಂದರೆ, ಬಾಯಿಮಾತಿನಲ್ಲಿ ಕೊಟ್ಟ ಅಧಿಕಾರ ನಮ್ಮ ಕಚೇರಿಗಳಲ್ಲಿ ಚಹಾ ಮುಗಿಯುವವರೆಗೂ ಉಳಿಯುವುದಿಲ್ಲ.

ಫೋಟೊವನ್ನು ದಡದಲ್ಲಿಯೇ ತೆಗೆಸಿಕೊಳ್ಳಬಹುದು. ಟೀ ಶರ್ಟ್ ಅಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಹೊರಡುವ ಮೊದಲು ಚಾಲಕನೇ ಎರಡು ಮಾತು ಹೇಳಬೇಕು, ಭಾಷೆ ಬಾರದಿದ್ದರೆ ನಮ್ಮಲ್ಲಿ ಮಲಯಾಳ ಬಲ್ಲವರಿಗೇನು ಬರವೇ? ಏನಾದರೂ ಕಂಡರೆ ಕುಳಿತಲ್ಲಿಂದಲೇ ನೋಡಬೇಕು, ಎಲ್ಲರಿಗೂ ಕಾಣುವ ಹಾಗೆ ಚಾಲಕನೇ ದೋಣಿಯನ್ನು ತಿರುಗಿಸಿ ಕೊಡುತ್ತಾನೆ ಎಂಬುದು ಗೊತ್ತಿದ್ದರೆ ಯಾರೂ ಓಡುವುದಿಲ್ಲ. ಗಾಜು ಮುಚ್ಚಿ ಹವಾನಿಯಂತ್ರಣ ಮಾಡಿದ ಕೆಳಂತಸ್ತು ಇರುವ ದೋಣಿಯಾದರೆ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ನೋಡಿಕೊಂಡೇ ಒಳಗೆ ಕೂರಬೇಕು.

ಇದು ಗಡಿಯಾಚೆಯವರ ದೋಷ ಎಂದು ಯಾರೂ ತಿಳಿಯಬಾರದು. ಕೇರಳದಲ್ಲಿ ದಿನವೂ ಬಸ್ಸಿನಂತೆ ದೋಣಿ ಹತ್ತಿ ಕೆಲಸಕ್ಕೆ ಹೋಗುವ ಜನರಿದ್ದಾರೆ. 2002ರ ಜುಲೈ 27ರಂದು ಕುಮರಕಂ ಸಮೀಪ ವೇಂಬನಾಡು ಕಾಯಲಿನಲ್ಲಿ ದೋಣಿ ಮುಳುಗಿ ಸತ್ತ 29 ಜನರಲ್ಲಿ ಹೆಚ್ಚಿನವರು ನೌಕರಿಯ ಪರೀಕ್ಷೆ ಬರೆಯಲು ಹೊರಟವರು. ನೀರಿನ ನೋವನ್ನು ಅವರು ನಮಗಿಂತ ಹೆಚ್ಚು ಬಲ್ಲರು. ನಮ್ಮ ದೋಣಿಯ ಸಹಾಯಕ ಜಾಕೆಟ್ ತಂದು ನೀಡಿದ್ದ, ಬೇಡ ಎಂದವರು ನಾವು. ಮಿತಿಗಿಂತ ಏಳು ಜನ ಹೆಚ್ಚು ಹತ್ತಿಸಿಕೊಂಡದ್ದು ಅವರ ತಪ್ಪು, ಹತ್ತಿದ್ದು ನಮ್ಮ ತಪ್ಪು. ಸಂಘದ ಹೆಸರನ್ನೂ ದೋಣಿಯ ಹೆಸರನ್ನೂ ನಾನು ಇಲ್ಲಿ ಬರೆಯದಿರುವುದು ಅದಕ್ಕಾಗಿಯೇ. ಬೇರೆ ಯಾವ ಕಚೇರಿಯ ಪ್ರವಾಸದ ಕಡತ ತೆಗೆದು ನೋಡಿದರೂ ‘ಇತರೆ ಖರ್ಚು’ ಎಂಬ ಕಾಲಮ್ಮಿನಲ್ಲಿ ಒಂದು ದೋಣಿ ಸಿಕ್ಕುತ್ತದೆ ಎಂದೇ ನನಗೆ ಅನಿಸುತ್ತದೆ. ನಮ್ಮ ಜಿಲ್ಲೆಯ ಹಿನ್ನೀರಿನಲ್ಲಿಯೂ ಇಂಥ ದೋಣಿವಿಹಾರ ಬೇಕು ಎಂಬ ಮಾತು ಆಗಾಗ ಕೇಳುತ್ತಿರುತ್ತದೆ. ಬರುವುದಾದರೆ ಬರಲಿ, ಹೋಮ್‌ಸ್ಟೇ ನಡೆಸುವವರಿಗೂ ನಾಲ್ಕು ಕಾಸು ಸಿಗಲಿ. ರಾಫ್ಟಿಂಗ್ ಹುಡುಗರ ಆ ಶಿಸ್ತು ಕುರ್ಚಿ ಹಾಕಿದ ದೋಣಿಗೂ ಮೊದಲ ದಿನದಿಂದಲೇ ಬರಲಿ.

ಅಟೆಂಡರ್ ಅಕ್ಕನ ಕೈಗೆ ಆರು ವಾರ ಪ್ಲಾಸ್ಟರ್ ಇತ್ತು. ಖರ್ಚನ್ನು ಯಾವ ಖಾತೆಗೆ ಹಾಕುವುದೆಂದು ಎರಡು ಸಭೆಗಳಲ್ಲಿ ಚರ್ಚೆಯಾಗಿ, ಕೊನೆಗೆ ಸಿಬ್ಬಂದಿಯೇ ಕೈಯಿಂದ ಕೂಡಿಸಿ ಕೊಟ್ಟೆವು. ಎದ್ದ ಚರ್ಚೆಯಲ್ಲಿ ಆಕೆ ಬಿದ್ದದ್ದು ಯಾಕೆ ಎಂಬುದು ಒಮ್ಮೆಯೂ ಬರಲಿಲ್ಲ. ಮುಂದಿನ ಸಲ ಆಲಪ್ಪುಝಕ್ಕೆ ಹೋಗಿ ರಾತ್ರಿ ದೋಣಿಮನೆಯಲ್ಲಿ ತಂಗುವ ಪ್ರಸ್ತಾಪ ಈಗಾಗಲೇ ಬಂದಿದೆ. ಮೇಲೆ ಹೇಳಿದ ನಾಲ್ಕು ಅಂಕಿಗಳನ್ನು ಠರಾವಿಗೆ ಸೇರಿಸಬೇಕೆಂದು ನಾನು ಲಿಖಿತವಾಗಿ ಕೇಳಿಕೊಂಡಿದ್ದೇನೆ. ‘ನೋಡುವ’ ಎಂದಿದ್ದಾರೆ. ತಮ್ಮ ಪತ್ರಿಕೆ ಪ್ರತಿದಿನ ಬೆಳಿಗ್ಗೆ ಅವರ ಮೇಜಿಗೆ ಬರುತ್ತದೆ. ಈ ಪತ್ರವನ್ನು ಆ ಠರಾವಿನ ಸಭೆಯ ಮುಂಚೆ ಪ್ರಕಟಿಸಿದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಸಹಕಾರ ಸಂಘದ ಒಬ್ಬ ನೌಕರ
ವಿರಾಜಪೇಟೆ ತಾಲ್ಲೂಕು, ಕೊಡಗು